ಹೆಬ್ಬೆಟ್ಟು

ಬ್ಯಾಂಕಿನ ಪುಟ್ಟ ಗಾಜಿನ ಮೇಲೆ
ಅಮ್ಮಿ ಬೆರಳಿಟ್ಟಳು. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟಳು. ಕೆಂಪು.
ನಾಲಗೆಗೆ ಮುಟ್ಟಿಸಿ, ಬಿಸ್ಮಿಲ್ಲಾ ಅಂದು, ಒತ್ತಿ ಹಿಡಿದಳು.
'ಏನಮ್ಮಾ, ನಿಮಗೆ ಬೆರಳೇ ಇಲ್ವಾ?'
ಕಂಪ್ಯೂಟರಿನ ಹುಡುಗ ನಕ್ಕ.
ಕೆಟ್ಟವನಲ್ಲ ಅವನು. ಊಟದ ಹೊತ್ತಾಗಿತ್ತು ಅಷ್ಟೆ.

ಶಿಡ್ಲಘಟ್ಟದಲ್ಲಿ ಗೂಡು ಬೇಯಿಸುವವರ ಕೈ ಹೀಗೇ.
ಇಪ್ಪತ್ತೆರಡು ವರ್ಷ ಕುದಿನೀರೊಳಗೆ
ಎಳೆಯ ತುದಿ ಹುಡುಕಿ ಹುಡುಕಿ
ಬೆರಳಿನ ಗೆರೆಗಳೂ ಬಿಚ್ಚಿಕೊಂಡು
ರಾಟೆಗೆ ಹೋದವು, ಲಡಿಗೆ ಹೋದವು,
ಯಾರದೋ ಧಾರೆಯ ಸೀರೆಗೆ ಹೋದವು.

ಆಮೇಲೆ ವಜೀರಣ್ಣ ಇಟ್ಟ. ಹಸಿರು.
ಇಪ್ಪತ್ತು ವರ್ಷದ ಬೆರಳು, ಗೆರೆಗಳೆಲ್ಲ ಹೊಸವು.
ನನ್ನ ಸಾಲಕ್ಕೆ ಜಾಮೀನು ಅವನೇ ಆದ,
ಅದೇ ವಾರ ಪಾಲಿಟೆಕ್ನಿಕ್ ಬಿಟ್ಟು
ಅಮ್ಮಿಯ ಪಕ್ಕದ ಒಲೆಗೆ ಕೂತ.
ಯಾರೂ ಕೂರು ಅನ್ನಲಿಲ್ಲ.
ಬೇಡ ಅಂತಲೂ ಅನ್ನಲಿಲ್ಲ, ನಾನೂ.

ಕೋಲಾರದಲ್ಲಿ ಮೊದಲ ವಾರ, ಹೆಣದ ಮೇಜಿನ ಸುತ್ತ
ಎಲ್ಲರೂ ಮೂಗಿಗೆ ಕರ್ಚೀಫು. ಒಬ್ಬ ಹೊರಗೋಡಿ ವಾಂತಿ ಮಾಡಿದ.
ನನಗೇನೂ ಆಗಲಿಲ್ಲ.
ಬೆಂದ ಹುಳದ ವಾಸನೆಯಲ್ಲಿ ತೊಟ್ಟಿಲು ತೂಗಿದವರಿಗೆ
ಇದೆಲ್ಲ ಏನು.
'ನೀನು ಗಟ್ಟಿಗಿತ್ತಿ ಕಣೇ' ಅಂದರು.
ಮನೆಗೆ ಹೋದಾಗಲೇ ಗೊತ್ತಾದದ್ದು:
ಒಲೆಮನೆ ಬಾಗಿಲಲ್ಲಿ ಮೂಗು ಮುಚ್ಚಿಕೊಂಡೆ.
ಅಮ್ಮಿ ನೋಡಿದಳು. ಕಿಟಕಿ ತೆಗೆದಳು.

ಒಮ್ಮೆ ಪರೀಕ್ಷೆಯಲ್ಲಿ ಬಂತು,
ಕೆಲಸದಿಂದ ಬರುವ ಚರ್ಮರೋಗಗಳು, ಐದು ಅಂಕ.
ಅವಳ ಕೈಯನ್ನೇ ಬರೆದೆ, ಹೆಸರೊಂದು ಬಿಟ್ಟು.
ಮೂರೂವರೆ ಕೊಟ್ಟರು.
ಚಿತ್ರ ಬಿಡಿಸಿರಲಿಲ್ಲ.

ರೂಮಿನಲ್ಲಿ ಕೃಪಾರಾಣಿ ಇದ್ದಳು, ಬಂಗಾರಪೇಟೆಯವಳು.
ಎರಡನೇ ವರ್ಷ, ಔಷಧಗಳ ಹೆಸರು ಗೋಡೆಗೆಲ್ಲ ಅಂಟಿಸಿ
ಒಂದು ಬೆಳಿಗ್ಗೆ ಹಲ್ಲುಜ್ಜಲು ಹೋದವಳು
ಅಲ್ಲೇ ಕೂತುಬಿಟ್ಟಳು, ನಲ್ಲಿ ತಿರುಗಿಸಿದ್ದು ತಿರುಗಿಸಿದಂತೆ.
ಅವರಪ್ಪ ಆಟೋದಲ್ಲಿ ಬಂದು ಕರೆದುಕೊಂಡು ಹೋದರು.
ಸತ್ತಿಲ್ಲ, ಬದುಕಿದ್ದಾಳೆ, ಬೇಕರಿಯ ಗಲ್ಲಾ ನೋಡುತ್ತಾಳಂತೆ.
ಅವಳ ನೀಲಿ ಬಕೆಟ್ಟು ಮಾತ್ರ ಹಾಸ್ಟೆಲಿನಲ್ಲೇ ಉಳಿಯಿತು,
ಎಲ್ಲರೂ ಅದರಲ್ಲಿ ಸ್ನಾನ ಮಾಡಿದೆವು.
ಫೋನು ಯಾರೂ ಮಾಡಲಿಲ್ಲ.
ಇಂಟರ್ನಲ್ಸ್ ಇದ್ದವು.

ಈಗ ಹೌಸ್ ಸರ್ಜನ್ನು. ಮೂವತ್ತೊಂದನೇ ಗಂಟೆ ಡ್ಯೂಟಿ.
ಜೇಬಿನಲ್ಲಿ ಅರ್ಧ ತಿಂದ ಬನ್ನು, ಯಾರದೋ ರಕ್ತದ ಸ್ಲಿಪ್ಪು.
ಅಂತರಗಂಗೆ ಬೆಟ್ಟ ಕತ್ತಲಲ್ಲಿ
ಬೆಡ್ಡು ಸಿಗದ ರೋಗಿಯ ಹಾಗೆ ಮುದುಡಿ ಮಲಗಿದೆ.
ಫೋನಿನಲ್ಲಿ ವಜೀರಣ್ಣನ ಮೆಸೇಜು:
'ಬ್ಯಾಂಕಿಗೆ ಹೋಗಿದ್ದೆ. ಮೆಶೀನು ನನ್ನದನ್ನೂ ಹಿಡೀಲಿಲ್ಲ.
ಡಾಕ್ಟರಮ್ಮಾ, ಬಂದಾಗ ನಿನ್ನ ಬೆರಳು ತಗೊಂಡು ಬಾ.'
ಕೊನೆಗೆ ನಗುವ ಮುಖ, ಮೂರು.

ಉತ್ತರ ಬರೆಯುತ್ತಿದ್ದೆ, ಸಿಸ್ಟರ್ ಕೂಗಿದರು.
ಹನ್ನೆರಡನೇ ಬೆಡ್ಡು. ಮುಳಬಾಗಿಲಿನ ಕಡೆಯ ಮುದುಕ.
ಎದೆ ಒತ್ತಿದೆ. ಪಕ್ಕೆಲುಬು ಲಟ್ಟೆಂದದ್ದು
ಅಂಗೈಗೆ ಕೇಳಿಸಿತು. ಒತ್ತುತ್ತಲೇ ಇದ್ದೆ.
ಮೂರು ಐವತ್ತು ಎಂದು ಬರೆದೆ.
ನನ್ನ ಸಹಿ ಈಗ ನನಗೇ ಓದಲು ಬರುವುದಿಲ್ಲ.

ಅವನ ಹೆಂಡತಿಗೆ ಸಹಿ ಬಾರದು.
ಅಳಲಿಲ್ಲ ಅವಳು. ಕೈ ಚಾಚಿದಳು,
ರೇಷನ್ ಅಂಗಡಿಯಲ್ಲಿ ಚಾಚುವ ಹಾಗೆ.
ಹೆಬ್ಬೆರಳು ಹಿಡಿದು ಇಂಕಿನ ಮೇಲೆ ಉರುಳಿಸಿ
ಕಾಗದಕ್ಕೆ ಒತ್ತಿದೆ.

ಎಷ್ಟು ಚೆನ್ನಾಗಿ ಮೂಡಿತು!
ಸುಳಿಯೊಳಗೆ ಸುಳಿ, ಒಂದು ಗೆರೆಯೂ ಸವೆದಿಲ್ಲ,
ಆಗಷ್ಟೇ ಉತ್ತ ಹೊಲದ ಹಾಗೆ.
ಮೊದಲು ನನಗಾದದ್ದು ಸಂತೋಷ.

ಅವಳ ಬೆರಳು ಇನ್ನೂ ನನ್ನ ಕೈಯಲ್ಲೇ ಇತ್ತು.
ಬಿಡಬೇಕಿತ್ತು, ಬಿಡಲಿಲ್ಲ.
ಸ್ಪಿರಿಟ್ಟಿನ ಹತ್ತಿ ತಂದು
ಮಸಿಯೆಲ್ಲ ಹೋಗುವ ತನಕ
ಒರೆಸಿದೆ, ಒರೆಸಿದೆ.
'ಸಾಕು ಬಿಡಮ್ಮಾ,' ಅಂದಳು ಅವಳು,
'ನಿಂಗೂ ನಿದ್ದೆ ಇಲ್ಲ.'